ಬಾಲ್ ಬಿಟ್ಟು ಕಾಲು ನೋಡಿದ ಆರು ವಾರ

ಆರು ವಾರದಿಂದ, ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಆರು ಗಂಟೆಗೆಲ್ಲ ನಾನು ಜಯನಗರದ ಕಡೆಯ ಒಂದು ಕಾಲೇಜಿನ ವಾಲಿಬಾಲ್ ಕೋರ್ಟ್ ಪಕ್ಕ ಕೂತಿರುತ್ತೇನೆ. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಎದುರಿಗೆ ಹದಿನಾಲ್ಕು ಹುಡುಗಿಯರು. ಅಂತರ ಕಾಲೇಜು ಪಂದ್ಯಗಳು ಶುರುವಾಗುವ ಮುಂಚೆ ಒಂದು ತಂಡ ಹೇಗೆ ತಯಾರಾಗುತ್ತದೆ ಅಂತ ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಹಾಗಂತ ನನಗೆ ಆಟ ಹೊಸದಲ್ಲ. 1990ರ ದಶಕದಲ್ಲಿ ಡಿಗ್ರಿ ಓದುವಾಗ ಮೂರು ವರ್ಷ ಆಡಿದ್ದೇನೆ. ಆಗ ಐದನೇ ಸೆಟ್ ಬಿಟ್ಟರೆ ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್, ಸೆಟ್ ಮುಗಿಯುತ್ತಿದ್ದದ್ದು 15ಕ್ಕೆ. ಈಗ ಪ್ರತಿ ರ‍್ಯಾಲಿಗೂ ಪಾಯಿಂಟ್, 25ರವರೆಗೆ. ಆಗ ಲಿಬೆರೊ ಅನ್ನೋ, ಹಿಂದಿನ ಸಾಲಲ್ಲಿ ನಿಂತು ಬಾಲ್ ಬೀಳದಂತೆ ಕಾಯೋ ಆಟಗಾರ್ತಿಯೇ ಇರಲಿಲ್ಲ, ಅದು ಬಂದದ್ದು 1998ರಲ್ಲಿ. ಈ ತಂಡದ ಕೋಚ್ ನನಗಿಂತ ಐದಾರು ವರ್ಷ ಚಿಕ್ಕವಳು, ಹಳೇ ಪರಿಚಯ. ಜೂನ್‌ನಲ್ಲಿ ಫೋನ್ ಮಾಡಿ, "ಅಕ್ಕ, ನಂಗೆ ಸರ್ವ್ ರಿಸೀವ್ ಲೆಕ್ಕ ಬರ್ಕೊಡೋರು ಒಬ್ರು ಬೇಕು, ನಾನೊಬ್ಳೇ ಆಡ್ಸೋದಾ, ಬರ‍್ಕೊಳ್ಳೋದಾ" ಅಂದಳು. ಬ್ಯಾಂಕಿಗೆ ಹೋಗೋದು ಹತ್ತು ಗಂಟೆಗೆ. ಒಪ್ಪಿಕೊಂಡೆ.

ಮೊದಲ ದಿನ ಬರೆದದ್ದನ್ನು ತೋರಿಸಿದೆ. "ಒಳ್ಳೆ ಸ್ಮ್ಯಾಶ್", "ಬ್ಲಾಕ್ ಚೆನ್ನಾಗಿತ್ತು", "ನೆಟ್‌ಗೆ ಹೊಡೆದಳು", ಹೀಗೆ ಎರಡು ಪುಟ. ಅವಳು ಓದಿ ಬೇಜಾರು ಮಾಡಿಕೊಳ್ಳಲಿಲ್ಲ. "ಅಕ್ಕ, ನೀವು ಬಾಲ್ ನೋಡ್ತಿದ್ದೀರ" ಅಂದಳು ಅಷ್ಟೇ. ಬಾಲ್ ನೋಡದೆ ಇನ್ನೇನು ನೋಡೋದು ಅಂತ ಆಗ ಅನ್ನಿಸಿತ್ತು. ಮಾರನೇ ದಿನ ನನ್ನನ್ನು ಕೋರ್ಟಿನ ಪಕ್ಕದಿಂದ ಎಬ್ಬಿಸಿ ಹಿಂದಿನ ಗೆರೆಯಿಂದ ನಾಲ್ಕೈದು ಹೆಜ್ಜೆ ಆಚೆ ಕೂರಿಸಿದಳು. ಸರ್ವ್ ಹೊಡೆಯೋಕೆ ಮುಂಚೆ, ರಿಸೀವ್ ಮಾಡೋ ಮೂರು ಜನರ ಕಾಲು ಮಾತ್ರ ನೋಡಿ ಅಂದಳು.

ನೀವೂ ಯಾವತ್ತಾದರೂ ಪ್ರಾಕ್ಟೀಸ್ ನೋಡಲು ಹೋದರೆ ದಯವಿಟ್ಟು ಕೋರ್ಟಿನ ಹಿಂದೆ ಕೂರಿ. ಪಕ್ಕದಿಂದ ನೋಡಿದರೆ ಬಾಲ್ ಆ ಕಡೆ ಈ ಕಡೆ ಹೋಗೋದು ಕಾಣುತ್ತದೆ, ಅದರ ಹಿಂದೆ ಕಣ್ಣು ಓಡುತ್ತದೆ. ಹಿಂದಿನಿಂದ ಕಾಣೋದು ಜಾಗ. ಇಬ್ಬರ ನಡುವೆ ಎಷ್ಟು ಅಂತರ ಇದೆ, ಯಾರು ಹಿಮ್ಮಡಿ ಮೇಲೆ ನಿಂತಿದ್ದಾಳೆ, ಯಾರು ಮುಂಗಾಲಿನ ಮೇಲೆ ಭಾರ ಹಾಕಿ ಕಾಯುತ್ತಿದ್ದಾಳೆ ಅನ್ನೋದೆಲ್ಲ ಸ್ಪಷ್ಟ. ಒಂಬತ್ತು ಮೀಟರ್ ಅಗಲದ ಕೋರ್ಟನ್ನು ಮೂರು ಜನ ಕಾಯಬೇಕು ಅಂದರೆ ಒಬ್ಬೊಬ್ಬರಿಗೆ ಮೂರು ಮೀಟರ್. ಲೆಕ್ಕಕ್ಕೆ ಸುಲಭ. ಆದರೆ ಫ್ಲೋಟ್ ಸರ್ವ್ ಬಂದಾಗ, ಅಂದರೆ ಬಾಲ್ ಸುತ್ತದೆ ಹಾಗೇ ತೇಲಿಕೊಂಡು ಬಂದು ಕೊನೇ ಗಳಿಗೆಯಲ್ಲಿ ಓಲಾಡಿದಾಗ, ಹಿಮ್ಮಡಿ ಮೇಲೆ ನಿಂತವಳಿಗೆ ಅರ್ಧ ಮೀಟರ್ ಕೂಡ ಸರಿಯಲು ಆಗೋದಿಲ್ಲ. ಕೈ ಚಾಚುತ್ತಾಳೆ. ಬಾಲ್ ಎಲ್ಲೋ ಹಾರುತ್ತದೆ. ನೋಡಿದವರು "ಕೈ ಸರಿಯಿಲ್ಲ" ಅಂತಾರೆ. ತಪ್ಪು ಆಗಿದ್ದು ಸರ್ವ್ ಹೊಡೆಯೋಕೂ ಮುಂಚೆ, ಕಾಲಲ್ಲಿ.

ನಾನು ಬರೆಯೋ ಲೆಕ್ಕ ಹೀಗಿದೆ. ಸರ್ವ್ ರಿಸೀವ್ ಮಾಡಿದವಳ ಪಾಸ್ ಬಂದಾಗ ಸೆಟ್ಟರ್, ಅಂದರೆ ಹೊಡೆಯೋರಿಗೆ ಬಾಲ್ ಎತ್ತಿಕೊಡೋಳು, ಎಲ್ಲಿಗೆ ಬೇಕಾದರೂ ಎತ್ತಿಕೊಡಬಹುದು ಅನ್ನೋ ಹಾಗಿದ್ದರೆ 3. ನೆಟ್ ನಡುವಿನಿಂದ ಹೊಡೆಯೋ ಬ್ಲಾಕರ್‌ಗೆ ಕೊಡಲು ಆಗೋದಿಲ್ಲ, ಆದರೆ ಎರಡು ಬದಿಗೂ ಕೊಡಬಹುದು ಅಂದರೆ 2. ಸೆಟ್ಟರ್ ಓಡಿಹೋಗಿ ಹೇಗೋ ಎತ್ತರದ ಬಾಲ್ ಒಂದನ್ನು ಒಂದೇ ಕಡೆಗೆ ಎಸೆಯಬೇಕು ಅಂದರೆ 1. ಬಾಲ್ ಸತ್ತರೆ, ಇಲ್ಲ ನೇರ ನೆಟ್ ದಾಟಿ ಎದುರಾಳಿಗೇ ಹೋದರೆ 0. ಹುಡುಗಿಯ ಜೆರ್ಸಿ ನಂಬರ್ ಮುಂದೆ ಈ ಅಂಕಿ ಬರೀತಾ ಹೋಗೋದು. ಕೊನೆಗೆ ಕೂಡಿಸಿ ಸರ್ವ್‌ಗಳ ಸಂಖ್ಯೆಯಿಂದ ಭಾಗಿಸೋದು. ಒಬ್ಬಳಿಗೆ ಇಪ್ಪತ್ತು ಸರ್ವ್ ಬಂದು ಐದು ಸಲ 3, ಏಳು ಸಲ 2, ಐದು ಸಲ 1, ಮೂರು ಸಲ 0 ಬಂದರೆ ಒಟ್ಟು 34, ಸರಾಸರಿ 1.7. ಇದನ್ನೇ 2ರ ಮೇಲೆ ತರಬೇಕು ಅನ್ನೋದು ಕೋಚ್ ಆಸೆ. ಒಂದು ದಿನದ ಅಂಕಿ ನೋಡಿ ಯಾರನ್ನೂ ಅಳೆಯಬೇಡಿ ಅಂತಲೂ ಅವಳೇ ಹೇಳಿದಳು. ಹಿಂದಿನ ರಾತ್ರಿ ಇಂಟರ್ನಲ್ಸ್‌ಗೆ ಓದಿ ನಿದ್ದೆಗೆಟ್ಟು ಬಂದವಳ ಅಂಕಿ ಕೆಳಗಿಳಿಯೋದು ನಾನೇ ನೋಡಿದ್ದೇನೆ. ಎರಡು ವಾರದ್ದು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಏನಾದರೂ ತಿಳಿಯುತ್ತದೆ.

ಗಾಳಿಯ ಬಗ್ಗೆ ಹೇಳಲೇಬೇಕು. ಇದು ಬಯಲು ಕೋರ್ಟ್, ಕೆಂಪು ಮಣ್ಣು. ಆಷಾಢದಲ್ಲಿ ಬೆಂಗಳೂರಿನ ಪಡುವಣ ಗಾಳಿ ಹೇಗಿರುತ್ತದೆ ಗೊತ್ತಲ್ವಾ. ಬಾಲ್ ತೂಕ 260ರಿಂದ 280 ಗ್ರಾಂ ಅಷ್ಟೇ. ಗಾಳಿಗೆ ಎದುರಾಗಿ ಹೊಡೆದ ಸರ್ವ್ ನೆಟ್ ದಾಟಿದ ಕೂಡಲೇ ದೊಪ್ ಅಂತ ಬೀಳುತ್ತದೆ, ಗಾಳಿ ಹಿಂದಿನಿಂದ ಬಂದರೆ ಗೆರೆ ದಾಟಿ ಹೋಗುತ್ತದೆ. ಮೊದಲೆರಡು ವಾರ ನಾನು ಯಾವ ಕಡೆಯಿಂದ ಆಡಿದರು ಅಂತ ಬರೆಯಲೇ ಇಲ್ಲ. ಆ ಅಂಕಿಗಳೆಲ್ಲ ಕಲಸುಮೇಲೋಗರ ಆದವು. ಈಗ ಪುಟದ ಮೇಲೆ "ಗೇಟ್ ಕಡೆ" ಅಥವಾ "ಕ್ಯಾಂಟೀನ್ ಕಡೆ" ಅಂತ ಬರೆದೇ ಶುರು ಮಾಡುತ್ತೇನೆ. ಒಳಾಂಗಣದಲ್ಲಿ ಪಂದ್ಯ ನಡೆದರೆ ಈ ಗಾಳಿ ಇರೋದಿಲ್ಲ, ಆಗ ಇವರ ಸರ್ವ್ ಇನ್ನೂ ಚೆನ್ನಾಗಿ ಬೀಳುತ್ತದೆ ಅಂತ ನನಗೆ ನಂಬಿಕೆ ಇದೆ.

ರಾತ್ರಿ ಮಳೆ ಬಂದರೆ ಬೆಳಗ್ಗೆ ಗೆರೆ ಇರೋದಿಲ್ಲ. ಮೊದಲ ವರ್ಷದವರು ಸುಣ್ಣದ ಪುಡಿ ಹಿಡಿದು 18 ಮೀಟರ್ ಉದ್ದಕ್ಕೆ ಹಗ್ಗ ಕಟ್ಟಿ ಮತ್ತೆ ಎಳೆಯುತ್ತಾರೆ. ನೆಟ್ ಕಟ್ಟೋದು ಸೀನಿಯರ್ಸ್. ಮಹಿಳೆಯರ ನೆಟ್ ಎತ್ತರ 2.24 ಮೀಟರ್, ಅದನ್ನು ಕೋರ್ಟಿನ ನಡುಮಧ್ಯದಲ್ಲಿ ಅಳೆಯಬೇಕು. ಹಳೇ ನೆಟ್ ಆದ್ದರಿಂದ ನಡುವೆ ಜೋತು ಬೀಳುತ್ತದೆ. ಕೋಚ್ ಹತ್ತಿರ ಗುರುತು ಹಾಕಿದ ಒಂದು ಪಿವಿಸಿ ಪೈಪ್ ಇದೆ, ದಿನಾ ಅದನ್ನು ನಿಲ್ಲಿಸಿ ನೋಡದೆ ಆಟ ಶುರು ಮಾಡೋದಿಲ್ಲ. ಐದು ಸೆಂಟಿಮೀಟರ್ ಕೆಳಗಿದ್ದ ನೆಟ್ ಮೇಲೆ ಎರಡು ತಿಂಗಳು ಸ್ಮ್ಯಾಶ್ ಹೊಡೆದು ಅಭ್ಯಾಸ ಆದವಳು ಪಂದ್ಯದ ದಿನ ನೆಟ್ ಮೇಲಂಚಿನ ಟೇಪಿಗೆ ಹೊಡೆಯುತ್ತಾಳೆ, ಪಾಪ, ಯಾಕೆ ಅಂತ ಅವಳಿಗೇ ತಿಳಿಯೋದಿಲ್ಲ.

ಇನ್ನೊಂದು ವಿಷಯ ನಾನು ತಡವಾಗಿ ಕಲಿತದ್ದು. ಹುಡುಗಿಯರು ಸ್ಮ್ಯಾಶ್‌ಗೆ ಹಾರುವಾಗ ಎಲ್ಲರೂ ಮೇಲೆ ನೋಡುತ್ತಾರೆ. ಕೋಚ್ ಕೆಳಗೆ ನೋಡುತ್ತಾಳೆ. ಎರಡೂ ಕಾಲಿನ ಮೇಲೆ ಇಳಿದಳಾ, ಮಂಡಿ ಒಳಗಡೆಗೆ ವಾಲಿತಾ ಅನ್ನೋದು ಅವಳ ಕಣ್ಣಿಗೆ ಮೊದಲು ಬೀಳುತ್ತದೆ. ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಹರಿಯೋದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಜಾಸ್ತಿ, ಮತ್ತೆ ಅದು ಎಷ್ಟೋ ಸಲ ಆಗೋದು ಹೀಗೆ ಇಳಿಯುವಾಗಲೇ, ಯಾರೂ ತಾಗದೆ. ಹೋದ ವರ್ಷ ತಂಡದಲ್ಲಿ ಒಬ್ಬಳಿಗೆ ಹಾಗಾಗಿ ಇಡೀ ವರ್ಷ ಹೋಯಿತು. ಅದಕ್ಕೇ ಈ ಸಲ ವಾರ್ಮಪ್‌ನಲ್ಲಿ ಹತ್ತು ನಿಮಿಷ ಸುಮ್ನೆ ಹಾರೋದು, ಇಳಿದು ಹಾಗೇ ನಿಲ್ಲೋದು. ನೋಡೋಕೆ ಏನೂ ಇಲ್ಲ. ಹುಡುಗಿಯರಿಗೂ ಬೇಸರ. ಆದರೆ ನನ್ನ ಪ್ರಕಾರ ಇಡೀ ಎರಡು ಗಂಟೆಯಲ್ಲಿ ಬಹಳ ಮುಖ್ಯವಾದ ಹತ್ತು ನಿಮಿಷ ಅದೇ, ಅದನ್ನು ಬಿಟ್ಟು ಬೇರೇನು ಬೇಕಾದರೂ ಕಡಿಮೆ ಮಾಡಲಿ.

ಕಿವಿಯಿಂದ ನೋಡೋದೂ ಇದೆ. ಒಂದು ದಿನ ಮಳೆ ಹನಿಗೆ ನೋಟ್‌ಬುಕ್ ಒದ್ದೆಯಾಗುತ್ತೆ ಅಂತ ಮುಚ್ಚಿಟ್ಟು, ತಲೆ ಮೇಲೆ ಶಾಲು ಹೊದ್ದು ಕೂತಿದ್ದೆ. ಆಗ ಗಮನಕ್ಕೆ ಬಂತು, ಬಾಲ್ ಬೀಳೋ ಪ್ರತಿ ಸಲ ಅದಕ್ಕೆ ಮುಂಚೆ ಯಾರೂ ಕೂಗಿರಲಿಲ್ಲ. "ನಂದು", "ಬಿಡೇ", "ಔಟ್ ಔಟ್" ಅನ್ನೋ ಕೂಗು ಬಂದಾಗ ಪಾಸ್ ಕೂಡ ಚೆನ್ನಾಗಿರುತ್ತಿತ್ತು. ಕೋಲಾರದ ಕಡೆಯಿಂದ ಬಂದ ಮೊದಲ ವರ್ಷದ ಹುಡುಗಿ ಒಬ್ಬಳಿದ್ದಾಳೆ, ಲಿಬೆರೊ ಆಡುತ್ತಾಳೆ, ಕಾಲು ಎಷ್ಟು ಚುರುಕು ಅಂದರೆ ನೋಡೋಕೇ ಖುಷಿ. ಆದರೆ ಬಾಯಿ ಬಿಡೋದಿಲ್ಲ. ಸೀನಿಯರ್ಸ್ ಮುಂದೆ "ನಂದು" ಅಂತ ಕೂಗೋಕೆ ಸಂಕೋಚ. ಎರಡು ಸಲ ಪಕ್ಕದವಳ ಮೊಣಕೈ ಹಣೆಗೆ ತಾಗಿ ಊದಿತ್ತು. ಕೋಚ್ ಬೈಯಲಿಲ್ಲ. ಸೀನಿಯರ್ಸ್‌ನೇ ಕರೆದು, ಅವಳು ಕೂಗೋವರೆಗೂ ನೀವು ಬಾಲ್ ಮುಟ್ಟಬೇಡಿ, ಬಿದ್ದರೆ ಬೀಳಲಿ ಅಂದಳು. ಮೊದಲ ದಿನ ಹನ್ನೊಂದು ಬಾಲ್ ಬಿದ್ದವು, ಎಣಿಸಿದ್ದೇನೆ. ನಾಲ್ಕನೇ ದಿನ ಕ್ಯಾಪ್ಟನ್ ಎದುರಿಗೆ ನಿಂತಿದ್ದಾಗಲೇ "ನಂದು ಅಕ್ಕ, ಬಿಡಿ!" ಅಂತ ಕೂಗಿದಳು. ಬಹುವಚನ ಬಿಡಲಿಲ್ಲ, ಆದರೆ ಕೂಗಿದಳು. ಆ ಪಾಸ್‌ಗೆ 3 ಬರೆದೆ, ಪಕ್ಕದಲ್ಲಿ ಒಂದು ಸ್ಟಾರ್ ಕೂಡ ಹಾಕಿದೆ.

ಈ ಮಕ್ಕಳು ಎಲ್ಲಿಂದೆಲ್ಲಿಂದ ಬರುತ್ತಾರೆ ಅಂತ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಸ್ಟೆಲ್‌ನವರು ಪರವಾಗಿಲ್ಲ. ಕೆಂಗೇರಿ, ಯಲಹಂಕದಿಂದ ಬರೋರು ಐದು ಗಂಟೆಗೇ ಮನೆ ಬಿಡಬೇಕು. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡಿಲ್ಲ, ಅದೊಂದು ನಿಜಕ್ಕೂ ದೊಡ್ಡ ಅನುಕೂಲ ಆಗಿದೆ, ಹಿಂದೆ ಬಸ್ ಪಾಸ್ ಖರ್ಚಿಗೇ ಆಟ ಬಿಟ್ಟವರು ನನ್ನ ಜೊತೆಯವರಲ್ಲೇ ಇದ್ದರು. ಆದರೆ ಬೆಳಗ್ಗೆ ಅಷ್ಟು ಹೊತ್ತಿಗೆ ಬರೀ ಹೊಟ್ಟೆಯಲ್ಲಿ ಬಂದು, ಎಂಟಕ್ಕೆ ಮುಗಿಸಿ, ಒಂಬತ್ತಕ್ಕೆ ಕ್ಲಾಸಿಗೆ ಓಡಬೇಕು. ಕಾಲೇಜಿನಿಂದ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಕೊಡಿಸಿ ಅಂತ ಕೋಚ್ ಮೂರು ಸಲ ಅರ್ಜಿ ಬರೆದಿದ್ದಾಳೆ. ಇನ್ನೂ ಬಂದಿಲ್ಲ. ಈಗ ನಾವು ನಾಲ್ಕು ಜನ ಹಳೇ ಆಟಗಾರ್ತಿಯರು ಸೇರಿ ವಾರಕ್ಕೆ ಎರಡು ದಿನ ಕೊಡಿಸುತ್ತಿದ್ದೇವೆ. ಇದು ಉಪಕಾರ ಅಲ್ಲ, ಆಡಿಸೋರು ಊಟ ಹಾಕಲೇಬೇಕು.

ಆರು ವಾರದ ಪುಟಗಳನ್ನೆಲ್ಲ ಭಾನುವಾರ ಮನೆಯಲ್ಲಿ ಹರಡಿಕೊಂಡು ರೊಟೇಶನ್ ಪ್ರಕಾರ, ಅಂದರೆ ಆಟಗಾರ್ತಿಯರು ಸುತ್ತುತ್ತಾ ಜಾಗ ಬದಲಿಸಿದಾಗ ಯಾರು ಎಲ್ಲಿದ್ದರು ಅನ್ನೋದರ ಪ್ರಕಾರ, ಬೇರೆ ಮಾಡಿದೆ. ಅಲ್ಲೊಂದು ವಿಷಯ ಸಿಕ್ಕಿತು. ಈ ತಂಡಕ್ಕೆ ಸೆಟ್ಟರ್ ಒಬ್ಬಳೇ. ಅವಳು ಮುಂದಿನ ಸಾಲಿಗೆ ಬಂದಾಗ ನೆಟ್ ಹತ್ತಿರ ಹೊಡೆಯೋರು ಇಬ್ಬರೇ ಉಳಿಯುತ್ತಾರೆ, ಅದು ಒಬ್ಬಳೇ ಸೆಟ್ಟರ್ ಇರೋ ಎಲ್ಲಾ ತಂಡಕ್ಕೂ ಇರೋ ಕಷ್ಟ. ಆದರೆ ಇವರು ಸಿಕ್ಕಿಹಾಕಿಕೊಳ್ಳೋದು ಅಂಥ ಮೂರು ರೊಟೇಶನ್‌ನಲ್ಲಿ ಒಂದರಲ್ಲಿ ಮಾತ್ರ, ಸೆಟ್ಟರ್ ಮುಂದಿನ ಸಾಲಿನ ಎಡಗಡೆ, ನಾಲ್ಕನೇ ಜಾಗದಲ್ಲಿ ಇದ್ದಾಗ. ಸರ್ವ್ ಆದಮೇಲೆ ಅವಳು ಎಡದಿಂದ ಬಲಕ್ಕೆ ಓಡಬೇಕು, ಅದೇ ಹೊತ್ತಿಗೆ ಬ್ಲಾಕರ್ ಅಡ್ಡ ಬರುತ್ತಾಳೆ, ಪಾಸ್ ಸರಿಯಾಗಿ ಬಂದರೂ ಸೆಟ್ಟರ್ ಅರ್ಧ ಹೆಜ್ಜೆ ತಡ. ಕೋಚ್‌ಗೆ ಅನುಮಾನ ಮೊದಲೇ ಇತ್ತಂತೆ, ಪುಟ ನೋಡಿ "ಹಾಗಾದ್ರೆ ಪಾಸ್ ಮಾಡೋರನ್ನ ಸುಮ್ನೆ ಬೈದೆ ನಾನು" ಅಂದಳು.

ಸೋಮವಾರ ಮೊದಲ ಪಂದ್ಯ. ಅದಕ್ಕೆ ಮುಂಚೆ ಇನ್ನೊಂದೇ ಪ್ರಾಕ್ಟೀಸ್ ಉಳಿದಿದೆ. ಬ್ಲಾಕರ್ ನಿಲ್ಲೋ ಜಾಗವನ್ನು ಒಂದು ಹೆಜ್ಜೆ ಬದಲಾಯಿಸಿ, ಆ ಒಂದೇ ರೊಟೇಶನ್‌ನಲ್ಲಿ ನಲವತ್ತು ಸರ್ವ್ ಆಡಿಸುತ್ತಾಳಂತೆ, ಇಪ್ಪತ್ತು ಗೇಟ್ ಕಡೆಯಿಂದ, ಇಪ್ಪತ್ತು ಕ್ಯಾಂಟೀನ್ ಕಡೆಯಿಂದ. ಪುಟಕ್ಕೆ ಗೆರೆ ಹಾಕಿ ಇಟ್ಟುಕೊಂಡಿದ್ದೇನೆ.