ನನ್ನ ಕಥೆಯ ಕತ್ತಿ

ಮೂರು ವರ್ಷದ ಹಿಂದೆ ಒಂದು ಕಾದಂಬರಿ ಶುರು ಮಾಡಿದೆ. ಗಂಗರ ಕಾಲದ ಕಥೆ. ಬೀಜ ಸಿಕ್ಕಿದ್ದು ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲಿನಲ್ಲಿ. ಸುಮಾರು 950ರ ಕಲ್ಲು ಅದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರನಿಗೆ ಏನು ಬೇಕು ಕೇಳು ಅಂದನಂತೆ ಗಂಗರ ದೊರೆ ಬೂತುಗ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು! ಆಮೇಲೆ ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು.

ನನ್ನ ನಾಯಕ ಮಣಲೇರನ ಕೈಕೆಳಗಿನ ಒಬ್ಬ ಆಳು. ಮೊದಲ ಕರಡಿನಲ್ಲಿ ಅವನ ಕತ್ತಿಗೆ ಒಂದು ಹೆಸರಿಟ್ಟೆ. ಅದನ್ನು ಬಡಿದ ಕಮ್ಮಾರನ ಕಥೆ, ತಾತನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಬಂದ ಕಥೆ, ಎಲ್ಲ ಸೇರಿ ಹದಿನೈದು ಪುಟ. ಮೈಸೂರಿನ ಗೆಳೆಯನೊಬ್ಬ ಓದಿ, "ಇವನು ಕನ್ನಡ ಮಾತಾಡ್ತಾನೆ ಕಣೋ, ಆದ್ರೆ ಈ ಕಡೆಯವನಲ್ಲ" ಅಂದ.

ಹೌದು, ನಾನು ಯುರೋಪಿನ ಕತ್ತಿ ಕಥೆಗಳನ್ನು ಓದಿಯೇ ಬೆಳೆದವನು. ಅಲ್ಲಿ ಕತ್ತಿ ವೀರನ ಮೈಗೇ ಅಂಟಿಕೊಂಡಿರುತ್ತದೆ. ಫ್ರಾನ್ಸಿನ ಹಳೆಯ ವೀರಕಾವ್ಯದ ನಾಯಕ ರೋಲಾಂಡ್ ಸಾಯುವ ಹೊತ್ತಲ್ಲಿ ತನ್ನ ದುರಂದಾಲ್ ಕತ್ತಿ ಶತ್ರುವಿಗೆ ಸಿಗಬಾರದು ಅಂತ ಬಂಡೆಗೆ ಬಡಿಯುತ್ತಾನೆ. ಅದು ಮುರಿಯುವುದಿಲ್ಲ. ಕೊನೆಗೆ ಮೈಕೆಳಗೆ ಇಟ್ಟುಕೊಂಡು ಪ್ರಾಣ ಬಿಡುತ್ತಾನೆ. ಅದನ್ನು ಓದಿದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ದಾರಿ ತೋರಿಸಿದ್ದು ನಮ್ಮವ್ವ. ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆ ಆಗುವ ದಿನವೇ ನಮ್ಮೂರ ಮನೆಯಲ್ಲಿ ಮಚ್ಚು, ಕುಡುಗೋಲು, ನೇಗಿಲಿಗೆ ಪೂಜೆ. ತೊಳೆದು, ಅರಿಶಿನ ಕುಂಕುಮ ಇಟ್ಟು ಗೋಡೆಗೆ ಒರಗಿಸಿದ್ದರು. ಸಂಜೆ ಎಳನೀರು ಕೆತ್ತೋಣ ಅಂತ ಸುಮ್ನೆ ಮಚ್ಚಿಗೆ ಕೈ ಹಾಕಿದೆ. ಅವ್ವ ಕೈ ಹಿಡಿದುಬಿಟ್ಟಳು. "ಮುಟ್ಟಬ್ಯಾಡ ಕಣಪ್ಪ. ಅದ್ಕೂ ಒಂದಿನ ರಜ ಬ್ಯಾಡ್ವಾ?"

ಆ ರಾತ್ರಿ ಮಹಾಭಾರತ ಬೇರೆ ಥರ ಕಾಣಿಸಿತು. ಅಲ್ಲಿ ಅಸ್ತ್ರ ಬಿಡೋದು ದೊಡ್ಡ ವಿದ್ಯೆಯಲ್ಲ. ಅಶ್ವತ್ಥಾಮನೂ ಬಿಟ್ಟ, ಅರ್ಜುನನೂ ಬಿಟ್ಟ. ವಾಪಸ್ ಕರೆಸಿಕೊಳ್ಳೋಕೆ ಬಂದದ್ದು ಅರ್ಜುನನಿಗೆ ಮಾತ್ರ. ಕರ್ಣನಿಗಂತೂ ಬೇಕಾದ ಹೊತ್ತಲ್ಲೇ ಮಂತ್ರ ಮರೆತುಹೋಯಿತು. ಆಯುಧ ಯಾರ ಸ್ವಂತದ್ದೂ ಅಲ್ಲ, ಕೈಗಡ ತಂದದ್ದು.

ಹಾಗಂತ ಇದು ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡರೆ ತಪ್ಪಾಗುತ್ತದೆ. ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜ ಕೂಡ ತನ್ನ ಎಕ್ಸ್‌ಕ್ಯಾಲಿಬರ್ ಕತ್ತಿಯನ್ನು ನೀರಿಗೆ ಎಸೆದು ಬಾ ಅಂತ ತನ್ನ ಯೋಧ ಬೆಡಿವಿಯರ್‌ನನ್ನು ಕಳಿಸುತ್ತಾನೆ. ಅವನು ಆಸೆಗೆ ಬಿದ್ದು ಎರಡು ಸಲ ಸುಳ್ಳು ಹೇಳಿ, ಮೂರನೇ ಸಲ ಎಸೆಯುತ್ತಾನೆ. ಅರ್ಜುನನೂ ಅಗ್ನಿಯ ಮಾತು ಕೇಳಿ ಗಾಂಡೀವವನ್ನು ಸಮುದ್ರಕ್ಕೆ ಹಾಕುತ್ತಾನೆ, ವರುಣನಿಗೆ ಸೇರಲಿ ಅಂತ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಎಷ್ಟೋ ದಿನ ಯೋಚಿಸಿದೆ. ಆರ್ಥರ್ ಆಗ ಸಾಯುವ ಸ್ಥಿತಿಯಲ್ಲಿದ್ದ. ಅರ್ಜುನ ಇನ್ನೂ ನಡೆಯಬೇಕಿತ್ತು. ಅದಕ್ಕೂ ಮುಂಚೆ, ದ್ವಾರಕೆಯ ಹೆಂಗಸರನ್ನು ಕರೆತರುವಾಗ ಕಳ್ಳರು ಬಿದ್ದಿದ್ದರು. ಗಾಂಡೀವಕ್ಕೆ ಹೆದೆ ಏರಿಸೋಕೇ ಕಷ್ಟಪಟ್ಟ, ಅಸ್ತ್ರಗಳು ನೆನಪಿಗೆ ಬರಲಿಲ್ಲ. ಆಯುಧ ಕೈಬಿಟ್ಟ ಮೇಲೂ ಬದುಕಿರುವ ವೀರ! ನನ್ನ ಆಳು ಅವನೇ ಅನ್ನಿಸಿತು.

ಹದಿನೈದು ಪುಟ ತೆಗೆದುಹಾಕಿದೆ, ಕತ್ತಿಯ ಹೆಸರನ್ನೂ ಬಿಟ್ಟೆ. ಅದನ್ನು ಇವನಿಗೆ ಕೊಟ್ಟವರು ಯಾರು, ಮುಟ್ಟಬಾರದ ದಿನ ಯಾವುದು, ಕೆಲಸ ಮುಗಿದ ಮೇಲೆ ಯಾರಿಗೆ ಒಪ್ಪಿಸಬೇಕು, ಇಷ್ಟು ಮೊದಲು ಗೊತ್ತುಮಾಡಿಕೊಂಡೆ. ಕಾಳಗದ ದೃಶ್ಯಗಳು ತಾವಾಗಿಯೇ ಚಿಕ್ಕದಾದವು.

ಈಗ ಅವನು ಕತ್ತಿ ತೊಳೆದು, ಎಣ್ಣೆ ಸವರಿ, ಗುಡಿಯಲ್ಲಿ ಒರಗಿಸಿ ಬರುತ್ತಾನೆ. ಅದಕ್ಕೆ ನಾಲ್ಕು ಸಾಲು ಸಾಕಾಯಿತು. ಮನೆಯ ತನಕ ನಡೆಯೋದಕ್ಕೆ ಎಂಟು ಪುಟ ಹಿಡಿಯಿತು. ದಾರಿಯಲ್ಲಿ ಅವನ ಬಲಗೈ ಮತ್ತೆ ಮತ್ತೆ ಸೊಂಟಕ್ಕೆ ಹೋಗುತ್ತದೆ, ಏನೂ ಸಿಗದೆ ಕೆಳಗಿಳಿಯುತ್ತದೆ. ಈ ಒಂದು ವಾಕ್ಯ ಕೂರಿಸೋಕೆ ನನಗೆ ಒಂದು ವಾರ ಬೇಕಾಯಿತು.