ದೇವರು ತಿದ್ದುವಾಗ ಏನು ಮಾಡಬೇಕು?

ಕಷ್ಟ ಬಂದ ಕೂಡಲೇ ‘ಯಾವ ಪಾಪಕ್ಕೆ ಈ ಶಿಕ್ಷೆ?’ ಎಂದು ಹುಡುಕಲು ಹೊರಡಬೇಡಿ. ಬೈಬಲಿನಲ್ಲಿ, ನೀತಿವಂತನಾಗಿದ್ದೂ ಕಷ್ಟಕ್ಕೆ ಸಿಕ್ಕಿದ ಯೋಬನ ಸ್ನೇಹಿತರು ಮಾಡಿದ್ದು ಅದನ್ನೇ, ಕೊನೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ, ಪಾಪ ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಎಂದನು ಯೇಸು (ಯೋಹಾನ 9:3). ಗಂಡನಿಂದ ಏಟು ತಿನ್ನುವವಳಿಗೆ ‘ದೇವರ ಶಿಕ್ಷೆ, ತಾಳಿಕೋ’ ಎನ್ನುವುದಂತೂ ಕ್ರೂರ ಉಪದೇಶ. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 12:1-13ನ್ನು ಒಂದೇ ಸಲಕ್ಕೆ ಓದಿ. ಆ ಪತ್ರಿಕೆಯ ಓದುಗರು ನಂಬಿಕೆಗಾಗಿ ಹಿಂಸೆ ಅನುಭವಿಸುತ್ತಿದ್ದವರು. ಆದ್ದರಿಂದ ಅಲ್ಲಿ ಶಿಕ್ಷೆ ಎಂದರೆ ಹೆಚ್ಚಾಗಿ ತರಬೇತಿ, ದಂಡನೆಯಲ್ಲ. ಅದನ್ನು ತಾತ್ಸಾರ ಮಾಡಲೂ ಬಾರದು, ಅದರಿಂದ ಎದೆಗುಂದಲೂ ಬಾರದು ಎನ್ನುತ್ತದೆ 5ನೇ ವಚನ.

ನಂತರ ‘ದೇವರೇ, ನನ್ನನ್ನು ಪರೀಕ್ಷಿಸು’ ಎನ್ನುವ ಕೀರ್ತನೆ 139:23-24ನ್ನು ಪ್ರಾರ್ಥನೆಯಾಗಿ ಹೇಳಿ, ಕಾಗದ ಹಿಡಿದು ಅರ್ಧ ಗಂಟೆ ಕುಳಿತುಕೊಳ್ಳಿ. ಯಾರಿಗೆ, ಏನು ಮಾಡಿದೆ ಎಂದು ಬರೆಯಿರಿ. ‘ನಾನು ಕೆಟ್ಟವನು’ ಎಂದಷ್ಟೇ ಬರೆದರೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ನಿರ್ದಿಷ್ಟವಾಗಿ ಏನೂ ಹೊಳೆಯದಿದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದ ಪಾಪವನ್ನು ಕೆದಕಿ ತೆಗೆಯಬೇಡಿ.

ಹೊಳೆದರೆ, ಅದನ್ನು ಹೆಸರಿಟ್ಟು ಒಪ್ಪಿಕೊಳ್ಳಿ. ‘ಆದರೆ’ ಬೇಡ. ಕೆಡುವುದು ಬಹುತೇಕ ಇಲ್ಲಿಯೇ. ದೇವರ ಆಜ್ಞೆ ಮೀರಿದ ರಾಜ ಸೌಲನೂ ‘ಪಾಪ ಮಾಡಿದ್ದೇನೆ’ ಅಂದಿದ್ದ, ಆದರೆ ಜನರ ಮೇಲೆ ಹೊರಿಸಿದ. ಹಿರಿಯರ ಮುಂದೆ ಮರ್ಯಾದೆ ಉಳಿಸು ಎಂದು ಪ್ರವಾದಿ ಸಮುವೇಲನನ್ನು ಬೇಡಿದ (1 ಸಮುವೇಲ 15). ಪರರ ಹೆಂಡತಿಯನ್ನು ಕೂಡಿ ಆಕೆಯ ಗಂಡನನ್ನು ಕೊಲ್ಲಿಸಿದ್ದ ರಾಜ ದಾವೀದ, ಪ್ರವಾದಿ ನಾತಾನ ಅದನ್ನು ಎತ್ತಿ ತೋರಿಸಿದಾಗ ಸಬೂಬು ಹೇಳಲಿಲ್ಲ.

ಇನ್ನೊಬ್ಬರಿಗೆ ನಷ್ಟವಾಗಿದ್ದರೆ ಪ್ರಾರ್ಥನೆಯೊಂದೇ ಸಾಲದು. ಬೈಬಲಿನ ಅರಣ್ಯಕಾಂಡ 5:7ರ ಲೆಕ್ಕ ಅಸಲು ಮತ್ತು ಅದರ ಐದನೆಯ ಒಂದು ಪಾಲು: 10,000 ರೂಪಾಯಿ ನುಂಗಿದ್ದರೆ 12,000. ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಯೇಸುವಿಗೆ ಹೇಳಿದ. ನೀವು ಕನಿಷ್ಠ ಅಸಲನ್ನಾದರೂ ಹಿಡಿದುಕೊಂಡು ಹೋಗಿ. ಇಬ್ಬರ ನಡುವಿನ ವಿಷಯವನ್ನು ಸಾಕ್ಷಿಯ (ದೇವರು ತನಗೆ ಮಾಡಿದ್ದನ್ನು ಎಲ್ಲರೆದುರು ಹೇಳುವ) ಹೆಸರಿನಲ್ಲಿ ಇಡೀ ಸಭೆಯ ಮುಂದೆ ಹರಡಬೇಡಿ. ನೊಂದವರಿಗೆ ಅದು ಎರಡನೇ ಪೆಟ್ಟು.

ಕ್ಷಮೆ ಸಿಕ್ಕಿದರೂ ಪರಿಣಾಮ ಉಳಿಯಬಹುದು. ‘ಯೆಹೋವನು ನಿನ್ನ ಪಾಪವನ್ನು ಕ್ಷಮಿಸಿದ್ದಾನೆ’ ಎಂದು ನಾತಾನ ಹೇಳಿದ ಮೇಲೂ ಆ ಸಂಬಂಧದಿಂದ ಹುಟ್ಟಿದ ದಾವೀದನ ಮಗು ಉಳಿಯಲಿಲ್ಲ. ಮಗು ಬದುಕಿದ್ದಾಗ ಉಪವಾಸವಿದ್ದು ಅತ್ತವನು, ಸತ್ತ ಸುದ್ದಿ ತಿಳಿದ ಮೇಲೆ ಎದ್ದು ಸ್ನಾನ ಮಾಡಿ, ಆರಾಧಿಸಿ, ಊಟ ಮಾಡಿದ (2 ಸಮುವೇಲ 12:20). ಹೋದ ಕೆಲಸ, ಮುರಿದ ನಂಬಿಕೆ ಮರಳಿ ಬರದಿದ್ದಾಗ ‘ದೇವರು ಕ್ಷಮಿಸಲಿಲ್ಲ’ ಎಂದುಕೊಂಡು ಒಪ್ಪಿಕೊಂಡ ಪಾಪವನ್ನೇ ದಿನವೂ ಮತ್ತೆ ಒಪ್ಪಿಕೊಳ್ಳುತ್ತಾ ಕೂರುವವರು ಈ ಅಧ್ಯಾಯವನ್ನು ಸಭಾಪಾಲಕರ ಜೊತೆ ಕುಳಿತು ಓದಬೇಕು.