ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲಾದೀತೇ?
ನಿಮ್ಮ ಮಾಹಿತಿ ಸೋರಿದೆಯೇ ಎಂದು ನೋಡುವುದು, ಸೋರಿದ್ದರೆ ಬಾಗಿಲು ಹಾಕುವುದು ಹೇಗೆ?

ಚಿಕ್ಕಮ್ಮ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದವರೇ ನನ್ನ ಮುಂದೆ ಹಿಡಿದರು. "ಇದ್ಯಾವ ಹತ್ತು ಸಾವಿರ ನೋಡು, ನಾನಂತೂ ತೆಗೆದಿಲ್ಲ." ಆ ಸಾಲಿನಲ್ಲಿ 'ಎಇಪಿಎಸ್' ಎಂದು ಅಚ್ಚಾಗಿತ್ತು. ಅವರ ಹತ್ತಿರ ಎಟಿಎಂ ಕಾರ್ಡೇ ಇಲ್ಲ. ಓಟಿಪಿ ಯಾರಿಗಾದರೂ ಹೇಳಿದಿರಾ ಎಂದರೆ, ಬಂದಿದ್ದರೆ ತಾನೇ ಹೇಳುವುದು ಎಂದರು. ಬ್ಯಾಂಕಿನ ಎಸ್‌ಎಂಎಸ್ ಹೋಗುತ್ತಿದ್ದದ್ದು ತೀರಿಹೋದ ಚಿಕ್ಕಪ್ಪನ ಹಳೇ ನಂಬರಿಗೆ. ಹಣ ಹೋಗಿ ಹನ್ನೆರಡು ದಿನ ಆಗಿತ್ತು.

ಎಇಪಿಎಸ್ ಅಂದರೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರು ಚಿಕ್ಕ ಮೆಷಿನ್ ಮೇಲೆ ಬೆರಳು ಇಡಿಸಿಕೊಂಡು ದುಡ್ಡು ಕೊಡುತ್ತಾರಲ್ಲ, ಅದೇ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು. ದೂರದ ಊರಿನ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಈ ಮೂರೂ ಕಳ್ಳರ ಕೈಗೆ ಸಿಕ್ಕರೆ? 2023ರಲ್ಲಿ ಮಂಗಳೂರಿನಲ್ಲಿ ಆದದ್ದು ಅದೇ. ಆಸ್ತಿ ನೋಂದಣಿ ಮಾಡಿಸಿ ಬಂದ ಕೆಲವರ ಖಾತೆಯಿಂದ ಹಣ ಮಾಯವಾಯಿತು. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರು ಬಳಸಿ ಹಣ ತೆಗೆದಿದ್ದಾರೆ ಎಂದು ಹೇಳಿದ ಪೊಲೀಸರು ಬಿಹಾರ ಮೂಲದ ಆರೋಪಿಗಳನ್ನು ಬಂಧಿಸಿದರು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸೋರಿರುವುದು ಬದಲಿಸಬಹುದಾದ ವಸ್ತುವೋ, ಬದಲಿಸಲಾಗದ್ದೋ?

ಹಣ ಹೋಗಿದ್ದರೆ ಮೊದಲು ಫೋನ್

ಖಾತೆಯಿಂದ ಹಣ ಹೋಗಿದ್ದರೆ ಉಳಿದದ್ದೆಲ್ಲ ಆಮೇಲೆ. ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಜೊತೆಗೆ ಬ್ಯಾಂಕಿಗೂ ತಿಳಿಸಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ದೂರಿನ ನಂಬರ್ ಪಡೆಯಿರಿ, ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. 2017ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ನಿಮ್ಮದೂ ಅಲ್ಲದ, ಬ್ಯಾಂಕಿನದೂ ಅಲ್ಲದ ತಪ್ಪಿನಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ನೀವು ದೂರು ಕೊಟ್ಟರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ತಡವಾದರೆ ಸ್ವಲ್ಪ ಭಾಗ ನೀವೇ ಹೊರಬೇಕಾಗಬಹುದು. ಅದಕ್ಕೇ ಬ್ಯಾಂಕಿನಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಇದೆಯಾ ಎಂದು ಇವತ್ತೇ ನೋಡಿ. ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಇಮೇಲ್, ಪಾಸ್‌ವರ್ಡ್

'ಹ್ಯಾವ್ ಐ ಬೀನ್ ಪೋನ್ಡ್' ಎಂಬ ವೆಬ್‌ಸೈಟ್ ಇದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು. ನಿಮ್ಮ ಇಮೇಲ್ ವಿಳಾಸ ಹಾಕಿದರೆ ಅದು ಯಾವ ಯಾವ ಸೋರಿಕೆಯಲ್ಲಿ ಇತ್ತು, ಜೊತೆಗೆ ಏನೇನು ಹೋಯಿತು ಎಂದು ತೋರಿಸುತ್ತದೆ. ದುಡ್ಡು ಕೊಡಬೇಕಿಲ್ಲ. 2020ರ ಬಿಗ್‌ಬಾಸ್ಕೆಟ್ ಸೋರಿಕೆಯಲ್ಲಿ ಸುಮಾರು 2 ಕೋಟಿ ಗ್ರಾಹಕರ ವಿವರ ಹೊರಬಿತ್ತು. ಮರುವರ್ಷ ಡೊಮಿನೋಸ್ ಇಂಡಿಯಾದ ಗ್ರಾಹಕರ ಸರದಿ. ಒಂದು ಸಲ ಪಿಜ್ಜಾ ತರಿಸಿದವರ ಮನೆ ವಿಳಾಸವೂ ಅದರಲ್ಲಿ ಇರಬಹುದು, ಅಲ್ವಾ?

ಪಾಸ್‌ವರ್ಡ್ ಸೋರಿದೆ ಎಂದು ಬಂದರೆ ಅದೊಂದೇ ಕಡೆ ಬದಲಿಸಿದರೆ ಸಾಲದು. ಅದೇ ಪಾಸ್‌ವರ್ಡನ್ನು ಬೇರೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಬದಲಿಸಿ, ಇಮೇಲಿನಿಂದ ಶುರು ಮಾಡಿ. ಬೇರೆ ಖಾತೆಗಳ ಪಾಸ್‌ವರ್ಡ್ ಮರೆತರೆ ಬರುವ ಲಿಂಕ್ ಅಲ್ಲಿಗೇ ತಾನೆ? ಪಾಸ್‌ವರ್ಡ್ ಹಾಕಿದ ಮೇಲೆ ಓಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಿ. ಹೊಸ ಪಾಸ್‌ವರ್ಡ್ ಹಾಕಿದಲ್ಲಿಗೆ ಈ ಕೆಲಸ ಮುಗಿಯಿತು.

ಆಧಾರ್: ಇಲ್ಲಿ ನಿಧಾನವಾಗಿ

ಹೆಬ್ಬೆಟ್ಟಿನದು ಬೇರೆ ಕಥೆ. ಹೊಸದು ಹಾಕಿಸಿಕೊಳ್ಳಲು ಆಗುವುದಿಲ್ಲ, ಬೀಗ ಹಾಕಬಹುದು ಅಷ್ಟೆ.

ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ 'ಮೈಆಧಾರ್' ವೆಬ್‌ಸೈಟ್‌ಗೆ ಆಧಾರ್ ನಂಬರು, ಓಟಿಪಿ ಕೊಟ್ಟು ಒಳಗೆ ಹೋಗಿ. ಹುಡುಕಾಟದಲ್ಲಿ ಸಿಗುವ ಯಾವುದೋ ಲಿಂಕ್ ಒತ್ತಬೇಡಿ, ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೇ ನೋಡಿಕೊಳ್ಳಿ. ಒಳಗೆ 'ಅಥೆಂಟಿಕೇಶನ್ ಹಿಸ್ಟರಿ' ಎಂಬುದಿದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸಂಸ್ಥೆಯ ಮೂಲಕ, ಓಟಿಪಿಯಿಂದಲೋ ಬೆರಳಿನಿಂದಲೋ ಬಳಕೆಯಾಗಿದೆ ಎಂಬ ಪಟ್ಟಿ ಅದು.

ಪಟ್ಟಿಯನ್ನು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಓದಿ. ನಾವು ಹಾಗೇ ಮಾಡಿದೆವು. ರೇಷನ್ ಅಂಗಡಿ ಸರಿ. ಸಿಮ್ ತಗೊಂಡದ್ದು ಸರಿ. ಒಂದು ಸಾಲಿನ ಹತ್ತಿರ ಚಿಕ್ಕಮ್ಮ ಬೆರಳಿಟ್ಟರು. "ಅವತ್ತು ತಿಥಿ. ನಾನು ಮನೆ ಬಿಟ್ಟು ಹೊರಗೇ ಹೋಗಿಲ್ಲ." ಆದರೆ ಅವರ ಹೆಬ್ಬೆಟ್ಟು ಅವತ್ತು ಎರಡು ಸಲ ಎಲ್ಲೋ ಒತ್ತಿಸಿಕೊಂಡಿತ್ತು. ಒಂದು ಸಲ ಫೇಲ್, ಎರಡನೇ ಸಲ ಪಾಸ್. ಅದರ ಸ್ಕ್ರೀನ್‌ಶಾಟನ್ನೇ ದೂರಿನ ಜೊತೆ ಕೊಟ್ಟೆವು.

ಅದೇ ಪುಟದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಒಮ್ಮೆ ಲಾಕ್ ಮಾಡಿದರೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದರಿಂದಲೂ ಆಧಾರ್ ದೃಢೀಕರಣ ಆಗುವುದಿಲ್ಲ. ಓಟಿಪಿ ಮಾತ್ರ ನಡೆಯುತ್ತದೆ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸದಿದ್ದರೆ ಇದ್ಯಾವುದೂ ಆಗದು, ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಜೋಡಿಸಿ. ಸಂದೇಹ ಬಂದರೆ 1947ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಎಇಪಿಎಸ್ ನಿಮಗೆ ಬೇಕೇ ಇಲ್ಲ ಎಂದರೆ ಖಾತೆಯಲ್ಲಿ ಅದನ್ನು ನಿಲ್ಲಿಸಲು ಬ್ಯಾಂಕಿಗೆ ಬರೆದು ಕೊಡಿ.

ಜೆರಾಕ್ಸ್ ಕೊಡುವಾಗ ಎಲ್ಲೆಲ್ಲಿ ಸಾಧ್ಯವೋ ಅಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಲಾಡ್ಜ್ ಕೌಂಟರಿನಲ್ಲಿ ಪೂರ್ತಿ ಆಧಾರ್ ಪ್ರತಿಯನ್ನು ಸುಮ್ನೆ ಬಿಟ್ಟು ಬರುವ ಅಭ್ಯಾಸ ನನಗೂ ಇತ್ತು.

ನಿಮ್ಮ ಹೆಸರಲ್ಲಿ ಬೇರೆಯವರು

ಸೋರಿದ ಮಾಹಿತಿಯಿಂದ ಸಿಮ್ ತೆಗೆಯುತ್ತಾರೆ, ಸಾಲವನ್ನೂ ಎತ್ತುತ್ತಾರೆ. ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ'ಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಎಂದು ಕಾಣುತ್ತದೆ. ಗೊತ್ತಿಲ್ಲದ್ದು ಇದ್ದರೆ ನನ್ನದಲ್ಲ ಎಂದು ಅಲ್ಲೇ ಗುರುತಿಸಿ. ಸಾಲದ್ದು ತಿಳಿಯಲು, ಜನರ ಸಾಲದ ಲೆಕ್ಕ ಇಡುವ ಕಂಪನಿಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತೆ. ನೀವು ಮಾಡದ ಸಾಲ ಅಥವಾ ನೀವು ಕೇಳದ ಸಾಲಕ್ಕಾಗಿ ನಡೆದ ವಿಚಾರಣೆ (ಎನ್‌ಕ್ವೈರಿ) ಕಂಡರೆ ಆ ಕಂಪನಿಗೂ, ಸಾಲ ಕೊಟ್ಟವರಿಗೂ ಬರೆಯಿರಿ.

ಇನ್ನು ಮೇಲೆ ಬರುವ ಕರೆಗಳ ಬಗ್ಗೆಯೂ ಎಚ್ಚರ. ನಿಮ್ಮ ಹೆಸರು, ವಿಳಾಸ, ಆಧಾರ್‌ನ ಕೊನೆಯ ಅಂಕಿ ಎಲ್ಲ ಸರಿಯಾಗಿ ಹೇಳಿದ ಮಾತ್ರಕ್ಕೆ ಅವರು ಬ್ಯಾಂಕಿನವರು ಎಂದಲ್ಲ. ಸೋರಿದ ಪಟ್ಟಿ ನೋಡಿ ಓದುತ್ತಿರಬಹುದು.

ಚಿಕ್ಕಮ್ಮನ ಆಧಾರ್ ಈಗ ಲಾಕ್ ಆಗಿಯೇ ಇದೆ. ಲಾಕ್ ಮಾಡಿದ ಮೇಲಿನ ಮೊದಲ ತಿಂಗಳು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳಲಿಲ್ಲ. ಮನೆಗೆ ಬಂದು ಕಂಗಾಲಾಗಿ ಫೋನ್ ಮಾಡಿದರು. ತಾತ್ಕಾಲಿಕವಾಗಿ ತೆರೆಯುವುದು ಹೇಗೆಂದು ಮಗ ತೋರಿಸಿಕೊಟ್ಟ. ಈಗ ಸರದಿಯಲ್ಲಿ ತಮ್ಮ ಮುಂದೆ ಇಬ್ಬರು ಉಳಿದಾಗ ಫೋನ್ ತೆಗೆದು ತಾವೇ ಅನ್‌ಲಾಕ್ ಮಾಡುತ್ತಾರೆ, ಅಕ್ಕಿ ಚೀಲಕ್ಕೆ ಬಿದ್ದ ಮೇಲೆ ಮತ್ತೆ ಲಾಕ್.